ಅತ್ತೆಯ ಬಾಗಿಲಿಗೆ ಚೊಗರು ಕುಡಿಸಿದ ಪ್ರಸಂಗ

ಹಳೆಯ ಮರವನ್ನು ತೀರಾ ಹತ್ತಿರದಿಂದ, ಅದೂ ಕಪ್ಪು ಬಿಳುಪಿನಲ್ಲಿ ಫೋಟೋ ತೆಗೆಯುವುದರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬುದು ನನ್ನ ವಿನಮ್ರ ಅಭಿಪ್ರಾಯ. ಜಿಲ್ಲೆಯಲ್ಲಿ ಬೇರೆ ಯಾರೂ ಆ ಕೆಲಸ ಮಾಡುವುದೇ ಇಲ್ಲ ಎಂದು ನನ್ನ ಹೆಂಡತಿ ವನಜಾ ಕೂಡಲೇ ಸೇರಿಸುತ್ತಾಳೆ. ಸೇರಿಸಲಿ! ಸ್ಪರ್ಧೆಯಿಲ್ಲದೆ ಗೆದ್ದವನೂ ಗೆದ್ದವನೇ.

ವಾರವಿಡೀ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಬೋಧಿಸುವ ನಾನು ಭಾನುವಾರ ಬಂತೆಂದರೆ ಹಳೆಯ ಫಿಲ್ಮ್ ಕ್ಯಾಮೆರಾ ಹೆಗಲಿಗೇರಿಸಿ ಹೊರಟುಬಿಡುತ್ತೇನೆ. ಸಕ್ರೆಬೈಲಿಗೆ ಲೋಕವೆಲ್ಲ ಆನೆ ನೋಡಲು ಹೋದರೆ ನಾನು ಆನೆ ಕಟ್ಟುವ ಗೂಟ ನೋಡಲು ಹೋಗುತ್ತೇನೆ. ಬಿಸಿಲು ತಿಂದು, ಮಳೆ ಕುಡಿದು, ಬಿರುಕು ಬಿಟ್ಟು ನಿಂತ ಆ ಗೂಟದಲ್ಲಿ ಏನೇನು ಗೆರೆಗಳು, ಏನೇನು ನೆರಳುಗಳು! ಕುಂಸಿಯಲ್ಲಿ ಒಮ್ಮೆ ಮುರಿದ ಗಾಡಿ ಚಕ್ರದ ಮುಂದೆ ಮಧ್ಯಾಹ್ನವಿಡೀ ಮಂಡಿಯೂರಿ ಕೂತಿದ್ದೆ. ಯಾರೋ ಪುಣ್ಯಾತ್ಮರು ಪಕ್ಕದಲ್ಲಿ ಒಂದು ಚೊಂಬು ನೀರಿಟ್ಟು ಕೈ ಮುಗಿದು ಹೋದರು. ಏನೋ ಹರಕೆ ಇರಬೇಕೆಂದುಕೊಂಡರೋ ಏನೋ.

ನಾವಿರುವುದು ಹೊಸಮನೆಯಲ್ಲಿ, ಅಡಿಕೆ ವ್ಯಾಪಾರಿ ಶಂಕರಪ್ಪನವರ ಮನೆಯ ಮಹಡಿಯ ಮೇಲೆ, ಬಾಡಿಗೆಗೆ. ಫೋಟೋ ತೊಳೆಯುವ ಕತ್ತಲೆ ಕೋಣೆ ಬೇರೆ ಇಲ್ಲದ ಕಾರಣ ನಮ್ಮ ಬಚ್ಚಲುಮನೆಯೇ ನನ್ನ ಪ್ರಯೋಗಶಾಲೆ. ನನ್ನ ಕಲೆ ನಡೆಯುವ ದಿನ ಮನೆಯಲ್ಲಿ ಯಾರಿಗೂ ಸ್ನಾನವಿಲ್ಲ. ಕಲೆಗಾಗಿ ಇಷ್ಟೂ ತ್ಯಾಗ ಮಾಡದವರು ಕಲಾವಿದನನ್ನು ಯಾಕೆ ಮದುವೆಯಾಗಬೇಕು?

ಈಗ ವಿಷಯಕ್ಕೆ ಬರುತ್ತೇನೆ.

ವನಜಾಳ ತವರು ಭದ್ರಾವತಿ. ಮಾವನವರು ಅಲ್ಲಿನ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ದುಡಿದು, ನಿವೃತ್ತರಾಗಿ, ಕೆಲವು ವರ್ಷಗಳ ಹಿಂದೆ ತೀರಿಕೊಂಡರು. ಅವರ ಮಗ, ಅಂದರೆ ನನ್ನ ಭಾವಮೈದ ರಮೇಶ, ಹಂಚಿನ ಹಳೇ ಮನೆ ಕೆಡವಿಸಿ ಅದೇ ಜಾಗದಲ್ಲಿ ಹೊಸ ಆರ್‌ಸಿಸಿ ಮನೆ ಕಟ್ಟಿಸಿದ. ಹಳೇ ಮನೆಯದೆಂದು ಉಳಿದದ್ದು ಒಂದು ಮುಂಬಾಗಿಲು. ಕಾಂಪೌಂಡು ಗೋಡೆಗೆ ಒರಗಿಸಿದ್ದ ಅದರ ಬುಡ ಗೆದ್ದಲಿಗೆ ಹೋಗಿತ್ತು, ಮೇಲೆಲ್ಲ ಬಿರುಕು. ಬಡಗಿ ಬಂದು ನೋಡಿ, "ಇದ್ರಲ್ಲಿ ಒಂದು ಮಣೆಗಾಗೋವಷ್ಟೂ ಮರ ಇಲ್ಲ" ಎಂದು ಹೇಳಿ ಹೋಗಿದ್ದ. ಹೊಸ ಮನೆಗೆ ಲಕ್ಷ್ಮಿ ಕೆತ್ತಿದ ಸಾಗುವಾನಿ ಬಾಗಿಲು ಬಂದಾಗಿತ್ತು.

ಆದರೆ ಅತ್ತೆ ಹಳೇ ಬಾಗಿಲನ್ನು ಬಿಡಲೊಲ್ಲರು. ಅದಕ್ಕೊಂದು ಕಾರಣವಿತ್ತು. ಮಾವನವರು ರಾತ್ರಿ ಪಾಳಿ ಮುಗಿಸಿ ಬೆಳಗಿನ ಜಾವ ಬಂದಾಗ ಕೈಯಿಂದ ಬಾಗಿಲು ತಟ್ಟುತ್ತಿರಲಿಲ್ಲವಂತೆ. ಕೈಯಲ್ಲಿದ್ದ ಊಟದ ಕ್ಯಾರಿಯರ್‌ನ ಬುಡದಿಂದ ಟಕ್ ಟಕ್ ಎಂದು ಎರಡು ಸಲ ಕುಟ್ಟುತ್ತಿದ್ದರಂತೆ. ಒಂದೇ ಜಾಗಕ್ಕೆ ವರ್ಷಾನುಗಟ್ಟಲೆ ಕುಟ್ಟಿ ಕುಟ್ಟಿ ಚಿಲಕದ ಕೆಳಗೆ ರೂಪಾಯಿಯಗಲ ಒಂದು ತಗ್ಗು ಬಿದ್ದಿತ್ತು. ಅತ್ತೆ ದಿನಾ ಸಂಜೆ ಹೋಗಿ ಆ ತಗ್ಗಿನ ಮೇಲೆ ಕೈಯಾಡಿಸಿ ಬರುತ್ತಿದ್ದರು.

"ಅಮ್ಮಾ, ಎಲ್ಲಿ ಇಟ್ಕೊಳ್ಳೋಣ ಹೇಳು. ಗೆದ್ದಲು ಹೊಸ ಮನೆಗೂ ಹತ್ತುತ್ತೆ," ಎಂದ ರಮೇಶ.

"ನನ್ ಜೊತೆಗೇ ಅದನ್ನೂ ಸುಟ್ಬಿಡು. ಅಲ್ಲೀತಂಕ ಇರ್ಲಿ," ಎಂದರು ಅತ್ತೆ.

ಅಮ್ಮ ಮಗ ಮಾತು ಬಿಡುವ ಹಂತಕ್ಕೆ ಬಂದಾಗ, ಕೇಳದಿದ್ದರೂ ಬಾಯಿ ಹಾಕುವ ಒಬ್ಬ ಅಳಿಯ ಪ್ರತಿ ಮನೆಯಲ್ಲೂ ಇರುತ್ತಾನಲ್ಲ, ಆ ಮನೆಗೆ ಅವನು ನಾನು.

"ಅತ್ತೆ, ನಾನಿದೀನಲ್ಲ!" ಎಂದೆ. "ಬಾಗಿಲನ್ನ ಫೋಟೋದಲ್ಲಿ ಇಡ್ತೀನಿ. ಒಂದೊಂದು ಬಿರುಕೂ ಎಣಿಸೋ ಹಾಗೆ. ಆ ತಗ್ಗನ್ನಂತೂ ಮುಟ್ಟಿದ್ರೆ ಬೆರಳಿಗೆ ಸಿಗ್ಬೇಕು, ಹಾಗೆ. ಫೋಟೋಗೆ ಗೆದ್ದಲು ಹತ್ತಲ್ಲ. ನೂರು ವರ್ಷ ಇರುತ್ತೆ."

ಅತ್ತೆ ನನ್ನ ಮುಖವನ್ನೇ ನೋಡಿದರು. "ನಿಜವಾಗ್ಲೂನಾ ಅಳಿಯಂದ್ರೇ?"

"ನನ್ನ ಮಾತು ಅಂದ್ರೆ ಮಾತು!"

"ಹಂಗಾದ್ರೆ ಆಯ್ತು. ನೀವು ಹೇಳಿದ್ಮೇಲೆ ಮುಗೀತು," ಎಂದರು ಅವರು. ಆ ಹೆಂಗಸು ಮಗನನ್ನು ನಂಬಲಿಲ್ಲ, ಮಗಳನ್ನು ನಂಬಲಿಲ್ಲ. ನನ್ನನ್ನು ನಂಬಿದರು.

ಮುಂದಿನ ಭಾನುವಾರ ಹೋಗಿ ತೆಗೆದೆ. ಬಾಗಿಲಿಗೆ ಮೂಗು ತಾಗುವಷ್ಟು ಹತ್ತಿರ ಕೂತು ಐದೇ ಐದು ಚಿತ್ರ. ಬಿರುಕು, ಗಂಟು, ತುಕ್ಕು ಹಿಡಿದ ಮೊಳೆ, ಚಿಲಕದ ಗೀರು, ಐದನೆಯದು ತಗ್ಗು. ಓರೆ ಬಿಸಿಲು ಬಿದ್ದು ಆ ತಗ್ಗಿನಲ್ಲಿ ಅರ್ಧ ಬೆಳಕು, ಅರ್ಧ ನೆರಳು ನಿಂತಿತ್ತು. ರಮೇಶ ತನ್ನ ಮೊಬೈಲ್ ಎತ್ತಿ, "ಭಾವ, ನಾನೂ ಇಡೀ ಬಾಗ್ಲಿಂದು ಒಂದು ಹೊಡ್ಕೊಳ್ಲಾ?" ಎಂದ.

"ಒಳಗಿಡು ಅದನ್ನ!" ಎಂದು ಗದರಿದೆ. "ಇಡೀ ಬಾಗಿಲಿನ ಫೋಟೋ ಯಾವ ದಡ್ಡ ಬೇಕಾದ್ರೂ ತೆಗೀತಾನೆ."

ಪಾಪ, ಒಳಗಿಟ್ಟ. ಅದೇ ವಾರ ಅತ್ತೆ ಬಾಗಿಲಿಗೆ ಅರಿಶಿನ ಕುಂಕುಮವಿಟ್ಟು, ತಾವೇ ಕೈಯಾರೆ ಒಪ್ಪಿಸಿಕೊಟ್ಟರಂತೆ. ಅದು ತುಂಡು ತುಂಡಾಗಿ, ಗೃಹಪ್ರವೇಶದವರೆಗೆ ಅವರೆಲ್ಲ ಇದ್ದ ಬಾಡಿಗೆ ಮನೆಯ ಬಚ್ಚಲ ಒಲೆ ಸೇರಿ, ಇಡೀ ಮನೆಯವರ ಸ್ನಾನಕ್ಕೆ ನೀರು ಕಾಯಿಸಿ, ಬೂದಿಯಾಯಿತು. ಆ ಬಾಗಿಲು ಇನ್ನು ಭೂಮಿಯ ಮೇಲೆ ಇದ್ದದ್ದು ನನ್ನ ಫಿಲ್ಮ್ ಸುರುಳಿಯಲ್ಲಿ ಮಾತ್ರ.

ಫಿಲ್ಮ್ ತೊಳೆದೆ, ಬಚ್ಚಲಲ್ಲಿ ಕೂತು ಐದೂ ಚಿತ್ರಗಳನ್ನು ದೊಡ್ಡ ಕಾಗದಕ್ಕೆ ಇಳಿಸಿದೆ. ಏನು ಹೇಳಲಿ! ನನ್ನ ಬಗ್ಗೆ ನನಗೇ ಗೌರವ ಬಂತು. ಆ ಸಂಭ್ರಮದಲ್ಲಿ ನೆಗೆಟಿವ್ ಫಿಲ್ಮನ್ನು ಇನ್ನೊಮ್ಮೆ ತೊಳೆದು ತಾರಸಿಯ ತಂತಿಗೆ ಕ್ಲಿಪ್ ಹಾಕಿ ಒಣಗಲು ಬಿಟ್ಟು, ಕಾಫಿಗೆಂದು ಕೆಳಗಿಳಿದೆ. ಮೇಲೆ ಬರುವಷ್ಟರಲ್ಲಿ ಒಂದು ದೊಡ್ಡ ಮಂಗ ನೀರಿನ ಟ್ಯಾಂಕಿನ ಮೇಲೆ ಕೂತು, ಫಿಲ್ಮನ್ನು ಸೂರ್ಯನಿಗೆ ಹಿಡಿದು ನೋಡುತ್ತಿತ್ತು. ನನಗಿಂತ ಗಂಭೀರವಾಗಿ ನೋಡುತ್ತಿತ್ತು! ನಾನು "ಹೇಯ್!" ಎಂದೆ. ಅದು ಫಿಲ್ಮನ್ನು ಬಾಯಿಗಿಟ್ಟು ಜಗಿದು, ರುಚಿ ಸಾಲದೆ, ಚೂರು ಚೂರು ಮಾಡಿ ಪಕ್ಕದ ತೆಂಗಿನ ಮರಕ್ಕೆ ಹಾರಿತು. ಮಂಗನ ಕೈಗೆ ಮಾಣಿಕ್ಯ ಎಂಬ ಗಾದೆಯನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಪ್ರಾತ್ಯಕ್ಷಿಕೆ ನೋಡಿದ್ದು ಅವತ್ತೇ.

"ಹೋಗ್ಲಿ ಬಿಡು," ಎಂದೆ ವನಜಾಗೆ. "ಪ್ರಿಂಟ್ ಇದೆಯಲ್ಲ."

"ಇರೋದನ್ನಾದ್ರೂ ಹಂಗೇ ಬಿಡಿ ಮತ್ತೆ. ಫ್ರೇಮ್ ಹಾಕ್ಸಿ ಕೊಟ್ಬಿಡಿ," ಎಂದಳು.

ಅವಳ ಮಾತು ಕೇಳಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ನನ್ನ ಹುಟ್ಟುಗುಣ. ಗೃಹಪ್ರವೇಶದಂಥ ಶುಭಕಾರ್ಯಕ್ಕೆ ಕಪ್ಪು ಬಣ್ಣ ಕೊಡುವುದೇ? ಮೇಲಾಗಿ, ಕಪ್ಪು ಬಿಳುಪು ಚಿತ್ರಕ್ಕೆ ಕಂದು ಬಣ್ಣ ಹತ್ತಿಸಿದರೆ ಅದು ಇನ್ನಷ್ಟು ಬಾಳಿಕೆ ಬರುತ್ತದೆಂದು ಓದಿದ್ದೆ. ಮರಕ್ಕೆ ಮರದ್ದೇ ಬಣ್ಣ! ಟೋನಿಂಗ್ ಎನ್ನುತ್ತಾರೆ ಅದಕ್ಕೆ. ಬೆಂಗಳೂರಿನಿಂದ ಎರಡು ಪೊಟ್ಟಣ ರಾಸಾಯನಿಕ ತರಿಸಿದೆ. ಗೃಹಪ್ರವೇಶ ಭಾನುವಾರ. ಪೊಟ್ಟಣ ಬಂದದ್ದು ಗುರುವಾರ. ಅವತ್ತೇ ಕಾಲೇಜಿಗೆ ರಜೆ ಹಾಕಿದೆ.

ವಿಧಾನ ಬಹಳ ಸುಲಭ. ಮೊದಲ ಪೊಟ್ಟಣದ ನೀರಿನಲ್ಲಿ ಚಿತ್ರವನ್ನು ಅದ್ದಿದರೆ ಕಪ್ಪೆಲ್ಲ ಹೋಗಿ ಚಿತ್ರ ಮಾಯವಾಗುತ್ತದೆ. ಎರಡನೇ ಪೊಟ್ಟಣದ ನೀರಿಗೆ ಹಾಕಿದರೆ ಅದೇ ಚಿತ್ರ ಕಂದು ಬಣ್ಣದಲ್ಲಿ ಎದ್ದು ಬರುತ್ತದೆ. ನಾನು ಅವಕ್ಕೆ ಮಲಗಿಸುವ ನೀರು, ಎಬ್ಬಿಸುವ ನೀರು ಎಂದು ಕನ್ನಡದಲ್ಲಿ ನಾಮಕರಣ ಮಾಡಿದೆ. ಒಂದು ಚಿತ್ರವನ್ನು ಮೊದಲು ಪರೀಕ್ಷೆ ಮಾಡಿ ನೋಡುವುದು ಅಳ್ಳೆದೆಯವರ ಲಕ್ಷಣ. ನಾನು ಐದನ್ನೂ ಒಟ್ಟಿಗೆ ಮಲಗಿಸಿದೆ.

"ರೀ, ಬಾಗ್ಲು ಎಲ್ಲೋಯ್ತು?" ಎಂದಳು ವನಜಾ ಬಚ್ಚಲಿಗೆ ಇಣುಕಿ. ತಟ್ಟೆಯಲ್ಲಿ ಐದು ಬಿಳಿ ಕಾಗದಗಳಿದ್ದವು. ಕಣ್ಣು ಕಿರಿದು ಮಾಡಿ ನೋಡಿದರೆ ಮಾತ್ರ ತೆಳು ಹಳದಿಯ ಗೆರೆಗಳು ಕಾಣುತ್ತಿದ್ದವು.

"ಮಲಗಿದೆ."

"ಏಳುತ್ತಾ?"

"ನೋಡ್ತಿರು!" ಎಂದು ಎರಡನೇ ಪೊಟ್ಟಣವನ್ನು ಪೂರ್ತಿ ಬಕೆಟ್ಟಿಗೆ ಸುರಿದು ಕಲಸಿದೆ.

ಎಬ್ಬಿಸುವ ನೀರಿನ ವಾಸನೆಯ ಬಗ್ಗೆ ಓದಿದ್ದೆ. ಓದುವುದು ಬೇರೆ, ಮೂಗು ಬೇರೆ. ಕೊಳೆತ ಮೊಟ್ಟೆ ಎಂದು ಬರೆದಿದ್ದರು. ಅದು ಒಂದೆರಡು ಮೊಟ್ಟೆಯಲ್ಲ, ಒಂದು ಕೋಳಿ ಫಾರಂ ಪೂರಾ ಕೊಳೆತು ನಮ್ಮ ಬಚ್ಚಲಿಗೆ ಬಂದಂತಾಯಿತು. ನಾನು ಚಿತ್ರಗಳನ್ನು ಕೈಗೆತ್ತಿಕೊಳ್ಳುವ ಮೊದಲೇ ವಾಸನೆ ಮೆಟ್ಟಿಲಿಳಿದು ಕೆಳಗೆ ಹೋಗಿ, ಮನೆ ಓನರಮ್ಮ ಸರೋಜಮ್ಮನವರನ್ನು ಕರೆದುಕೊಂಡೇ ಮೇಲೆ ಬಂತು.

ಸರೋಜಮ್ಮನವರು ಮಡಿ ಮೈಲಿಗೆಯಲ್ಲಿ ಬಹಳ ಕಟ್ಟುನಿಟ್ಟು. ಬಾಡಿಗೆಗೆ ಬಂದ ದಿನವೇ, ಮೊಟ್ಟೆ ಹಾಕಿದ ಕೇಕು ಕೂಡ ಮೆಟ್ಟಿಲು ಹತ್ತಬಾರದು ಎಂದು ಹೇಳಿದ್ದರು. ಸೆರಗನ್ನು ಮೂಗಿಗೊತ್ತಿಕೊಂಡು ಬಾಗಿಲಲ್ಲಿ ನಿಂತರು.

"ವನಜಾ, ಎಂಥ ಮಾರಾಯ್ತಿ ಇದು? ನಿಮ್ಮನ್ನ ನಾವು ಒಳ್ಳೇ ಜನ ಅಂದ್ಕೊಂಡಿದ್ವಿ. ತಿನ್ನೋದಾದ್ರೆ ಹೋಟ್ಲಲ್ಲಿ ತಿನ್ರೀ, ನಾವೇನ್ ನೋಡೋಕ್ ಬರ್ತೀವಾ?"

"ಅಯ್ಯೋ, ಮೊಟ್ಟೆ ಅಲ್ಲ ಸರೋಜಮ್ಮ! ಇವ್ರ ಫೋಟೋ ಔಷಧಿ," ಎಂದಳು ವನಜಾ.

"ಸಲ್ಫೈಡ್," ಎಂದೆ ನಾನು, ವಿದ್ಯಾರ್ಥಿಗೆ ಹೇಳುವಂತೆ. "ಸೋಡಿಯಂ ಸಲ್ಫೈಡ್."

"ಹೆಸ್ರು ಏನಾದ್ರೂ ಇಟ್ಕೊಳಿ ಮೇಷ್ಟ್ರೇ. ಇವತ್ತು ಗುರುವಾರ! ಮಧ್ಯಾಹ್ನ ನಮ್ಮನೇಗೆ ಸ್ವಾಮಿಗಳ ಮಠದಿಂದ ಜನ ಬರ್ತಾರೆ. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ, ನಮ್ದು ಮೊಟ್ಟೆಗೆ ಹೋಗುತ್ತೆ. ಚೆಲ್ರಿ ಅದನ್ನ! ಈಗ್ಲೇ ಚೆಲ್ರಿ!"

ಮಾಸ್ತರಾದವನಿಗೆ ಮನೆ ಮಾಲೀಕರ ಭಯ ಯಮಭಯಕ್ಕಿಂತ ಒಂದು ತೂಕ ಹೆಚ್ಚು. ಬಕೆಟ್ಟನ್ನು ಎತ್ತಿ ಬಚ್ಚಲ ಮೋರಿಗೆ ಸುರಿದೇಬಿಟ್ಟೆ. ಸುರಿದಾದ ಮೇಲೆ ನೆನಪಾಯಿತು, ಐದು ಚಿತ್ರಗಳು ಇನ್ನೂ ಮಲಗಿದ್ದವು. ಎಬ್ಬಿಸುವ ನೀರು ಮೋರಿಯಲ್ಲಿತ್ತು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮೋರಿಯಿಂದ ವಾಸನೆ ಇನ್ನೂ ಬರುತ್ತಿತ್ತಲ್ಲ? ಸರೋಜಮ್ಮನವರನ್ನು ಸಮಾಧಾನ ಮಾಡಬೇಕಲ್ಲ? ಬಚ್ಚಲು ತೊಳೆಯುವ ಆಸಿಡ್ ಬಾಟಲಿ ಕಣ್ಣಿಗೆ ಬಿತ್ತು. ಎಂಥ ಕೊಳೆಯನ್ನಾದರೂ ತೆಗೆಯುತ್ತದೆ ಎಂದು ಅದರ ಮೇಲೆ ಬರೆದಿತ್ತು. ಅರ್ಧ ಬಾಟಲಿ ಸುರಿದೆ.

ರಸಾಯನಶಾಸ್ತ್ರ ಓದಿದವರು ಇಲ್ಲಿಗೆ ತಲೆ ಚಚ್ಚಿಕೊಂಡಿರುತ್ತಾರೆ. ನಾನು ವಾಣಿಜ್ಯಶಾಸ್ತ್ರದವನು! ಅದುವರೆಗೆ ಬಂದದ್ದು ವಾಸನೆಯೇ ಅಲ್ಲ, ಬರೀ ಪೀಠಿಕೆ ಎಂದು ಗೊತ್ತಾದದ್ದು ಆಗ. ಅದು ವಿಷದ ಗಾಳಿ ಎಂದು ತಿಳಿದದ್ದು ಆಮೇಲೆ. ಕಣ್ಣುರಿ, ತಲೆಸುತ್ತು. ವನಜಾ ನನ್ನ ಬನಿಯನ್ ಹಿಡಿದು ಎಳೆದಳು, ನಾನು ಚಿತ್ರಗಳ ತಟ್ಟೆ ಹಿಡಿದು ಓಡಿದೆ, ಸರೋಜಮ್ಮನವರು ನಮ್ಮಿಬ್ಬರಿಗಿಂತ ಮುಂದಿದ್ದರು. ಮೋರಿಯ ಗಾಳಿ ಅಕ್ಕಪಕ್ಕಕ್ಕೂ ಹರಡಿ, ಬೀದಿಯವರೆಲ್ಲ ಮೂಗು ಮುಚ್ಚಿಕೊಂಡು ಹೊರಗೆ ಬಂದರು. ಯಾರೋ ಗ್ಯಾಸ್ ಸಿಲಿಂಡರ್ ಎಂದರು, ಯಾರೋ ಸತ್ತ ಹೆಗ್ಗಣ ಎಂದರು. ಒಬ್ಬ ಅಜ್ಜಿ ಮಾತ್ರ ನನ್ನನ್ನೇ ನೋಡಿ, "ಮೇಷ್ಟ್ರಿಗೆ ಹೊಟ್ಟೆ ಕೆಟ್ಟಿರ್ಬೇಕು ಪಾಪ," ಎಂದರು. ನಡುಬೀದಿಯಲ್ಲಿ ಬನಿಯನ್ನಿನಲ್ಲಿ, ಕೈಯಲ್ಲಿ ಐದು ಬಿಳಿ ಕಾಗದ ತೇಲುವ ತಟ್ಟೆ ಹಿಡಿದು ನಾನು ನಿಂತಿದ್ದೆ.

ಅಷ್ಟರಲ್ಲಿ ಅಡಿಕೆ ಮಂಡಿಯಿಂದ ಶಂಕರಪ್ಪನವರು ಸ್ಕೂಟರಿನಲ್ಲಿ ಬಂದರು. ಮನೆ ಖಾಲಿ ಮಾಡಿ ಎನ್ನುತ್ತಾರೆಂದು ಕಾದೆ. ಅವರು ಮೂಗಿಗೆ ಟವೆಲ್ ಕಟ್ಟಿಕೊಂಡು ಎಲ್ಲ ಕೇಳಿದರು. ಬಾಗಿಲು, ಕ್ಯಾರಿಯರ್, ತಗ್ಗು, ಭಾನುವಾರ, ಎಲ್ಲವನ್ನೂ ಹೇಳಿದೆ. ಸುಳ್ಳಲ್ಲ, ಅಳು ಬಂತು. ಆ ಔಷಧಿ ಭಾನುವಾರದೊಳಗೆ ಇನ್ನೆಲ್ಲಿಂದಲೂ ಬರುವಂತಿರಲಿಲ್ಲ.

"ಅಳಬೇಡಿ ಮೇಷ್ಟ್ರೇ, ಗಂಡಸಾಗಿ," ಎಂದರು ಶಂಕರಪ್ಪನವರು. "ಈಗ ನಿಮ್ಗೆ ಬೇಕಾಗಿರೋದು ಏನು? ಕಂದು ಬಣ್ಣ ತಾನೇ?"

"ಹೌದು."

"ಶಿವಮೊಗ್ಗದಲ್ಲಿ ಕೂತ್ಕೊಂಡು ಕಂದು ಬಣ್ಣಕ್ಕೆ ಬೆಂಗ್ಳೂರಿಗೆ ಬರೀತೀರಲ್ಲ ಮಾರಾಯ್ರೇ! ಚೊಗರು ಇಲ್ವಾ?"

ನಾನು ಹಣೆ ಹಣೆ ಬಡಿದುಕೊಂಡೆ. ಚೊಗರು! ಅಡಿಕೆ ಬೇಯಿಸಿದ ನೀರು ಮತ್ತೆ ಮತ್ತೆ ಕುದ್ದು ಮಂದವಾದ ಕೆಂಪು ರಸ. ಅದನ್ನು ಲೇಪಿಸಿದರೆ ತಾನೇ ನಮ್ಮ ಅಡಿಕೆಗೆ ಆ ಬಣ್ಣ, ಆ ಹೊಳಪು! ಬಟ್ಟೆಗೆ ಬಿದ್ದರೆ ಬಟ್ಟೆ ಹರಿದರೂ ಅದು ಹೋಗುವುದಿಲ್ಲ. ನೂರು ವರ್ಷ ಬಾಳುವ ಬಣ್ಣ ನಮ್ಮ ಕೆಳಮನೆಯಲ್ಲೇ ಕ್ಯಾನಿನಲ್ಲಿರುವಾಗ ನಾನು ಸಲ್ಫೈಡಿನ ಹಿಂದೆ ಹೋದೆನಲ್ಲ! ಮಲಗಿದ್ದನ್ನು ಎಬ್ಬಿಸುವುದು ಬೇರೆ, ಮಲಗಿದ್ದಕ್ಕೆ ಬಣ್ಣ ಬಳಿಯುವುದು ಬೇರೆ ಎಂಬ ಯೋಚನೆ ನನಗಾಗಲಿ ಶಂಕರಪ್ಪನವರಿಗಾಗಲಿ ಹೊಳೆಯಲಿಲ್ಲ. ಬೀದಿಯಲ್ಲಿ ನಿಂತಿದ್ದವರೆಲ್ಲ ಚೊಗರಿನ ಪರವಾಗಿಯೇ ಮಾತಾಡಿದರು. ಯಾರಿಗೂ ಅನುಮಾನವಿರಲಿಲ್ಲ.

ವನಜಾ ಒಬ್ಬಳೇ, "ರೀ, ಅವು ಫೋಟೋ ಕಣ್ರೀ, ಅಡಿಕೆ ಅಲ್ಲ," ಎಂದಳು.

"ನೀನ್ ಸುಮ್ನಿರು!" ಎಂದೆವು ನಾವೆಲ್ಲ.

ಶುಕ್ರವಾರ ಬೆಳಿಗ್ಗೆ ಕೆಳಗಿನ ಅಂಗಳದಲ್ಲಿ ಕಾರ್ಯಕ್ರಮ ನಡೆಯಿತು. ಶಂಕರಪ್ಪನವರೇ ಕ್ಯಾನು ತಂದು ಅಗಲದ ಪರಾತಕ್ಕೆ ಚೊಗರು ಬಗ್ಗಿಸಿದರು. ನಾನು ಒಂದೊಂದೇ ಕಾಗದವನ್ನು ಅದರಲ್ಲಿ ಅದ್ದಿದೆ. ಎತ್ತಿದಾಗ, ನೋಡಿ, ಕಾಗದ ಕೆಂಪುಗಂದು ಬಣ್ಣಕ್ಕೆ ತಿರುಗಿತ್ತು! ಆ ಬಣ್ಣದ ಹಿಂದೆ, ತೆರೆಯ ಹಿಂದೆ ಯಾರೋ ನಿಂತ ಹಾಗೆ, ಬಾಗಿಲಿನ ಗೆರೆಗಳು ಮಸುಕು ಮಸುಕಾಗಿ ಕಂಡವು. ತಗ್ಗೂ ಕಂಡಿತು. ಆಣೆ ಮಾಡಿ ಹೇಳುತ್ತೇನೆ, ಕಂಡಿತು!

"ಬಂತು! ಬಂತು!" ಎಂದು ಕೂಗಿದೆ. ಸರೋಜಮ್ಮನವರೂ ಮೂಗಿನಿಂದ ಸೆರಗು ತೆಗೆದರು.

ಆಗಲಾದರೂ ಕೈ ಕಟ್ಟಿ ಕೂತಿದ್ದರೆ ಅಷ್ಟಾದರೂ ಉಳಿಯುತ್ತಿತ್ತು. ಆದರೆ ಫೋಟೋ ತೊಳೆಯುವವರಿಗೆ ಒಂದು ಅಭ್ಯಾಸವಿದೆ. ಏನೇ ಮಾಡಿದರೂ ಕೊನೆಗೆ ಹೈಪೋ ಎಂಬ ನೀರಿನಲ್ಲಿ ಅದ್ದಿ ಚಿತ್ರವನ್ನು ಪಕ್ಕಾ ಮಾಡುವುದು. ಅದನ್ನು ಮಾಡದಿದ್ದರೆ ಊಟ ಮಾಡಿ ಕೈ ತೊಳೆಯದೆ ಎದ್ದಂತಾಗುತ್ತದೆ. ಅತ್ತೆಯ ಮೊಮ್ಮಕ್ಕಳ ಕಾಲಕ್ಕೂ ಇರಲೆಂದು ಐದನ್ನೂ ಹೈಪೋ ತಟ್ಟೆಗೆ ಇಳಿಸಿದೆ.

ಹೈಪೋ ತನ್ನ ಧರ್ಮವನ್ನು ತಾನು ಪಾಲಿಸಿತು. ಎಚ್ಚರವಾಗಿರುವ ಚಿತ್ರವನ್ನು ಅದು ಕಾಯುತ್ತದೆ, ಮಲಗಿರುವುದನ್ನು ಕರಗಿಸಿ ತೆಗೆದುಬಿಡುತ್ತದೆ. ನನ್ನ ಕಣ್ಣ ಮುಂದೆಯೇ ಮೊಳೆ ಹೋಯಿತು. ಗಂಟು ಹೋಯಿತು. ಬಿರುಕುಗಳು ಒಂದೊಂದಾಗಿ ಮುಚ್ಚಿಕೊಂಡವು. ಐದನೆಯದನ್ನು ಎತ್ತಿಕೊಳ್ಳಲು ಕೈ ಹಾಕಿದೆ. ನನ್ನ ಬೆರಳುಗಳ ನಡುವೆಯೇ ತಗ್ಗು ಕರಗಿತು.

ಇನ್ನು ಯಾವ ನೀರಿಗೂ ಅದನ್ನು ಎಬ್ಬಿಸಲು ಸಾಧ್ಯವಿರಲಿಲ್ಲ. ಬಾಗಿಲನ್ನು ಒಲೆ ತಿಂದಿತ್ತು, ಫಿಲ್ಮನ್ನು ಮಂಗ ತಿಂದಿತ್ತು, ಉಳಿದದ್ದನ್ನು ನಾನು ತಿಂದೆ. ಮೂವರಲ್ಲಿ ಓದಿದವನು ನಾನೊಬ್ಬನೇ.

ಅಂಗಳದ ಕಲ್ಲಿನ ಮೇಲೆ ಕೂತುಬಿಟ್ಟೆ. ಶಂಕರಪ್ಪನವರು ಪಕ್ಕದಲ್ಲಿ ಕೂತು ಎಲೆ ಅಡಿಕೆ ಕೊಟ್ಟರು. ಅಡಿಕೆ ನೋಡಿದ ಕೂಡಲೇ ಮತ್ತೆ ಅಳು ಬಂತು. ವನಜಾ ಬೈಯಲಿಲ್ಲ. ಹದಿನೆಂಟು ವರ್ಷದ ಸಂಸಾರದಲ್ಲಿ ಅವಳು ಬೈಯದೇ ಇದ್ದದ್ದು ಅದೇ ಮೊದಲು. ಅದರಿಂದ ನನ್ನ ಹೆದರಿಕೆ ಇನ್ನೂ ಹೆಚ್ಚಾಯಿತು.

"ಅಮ್ಮಂಗೆ ನೀವೇ ಹೇಳ್ಬೇಕು," ಎಂದಳು. "ನಾನ್ ಹೇಳಲ್ಲ. ನಂಗಾಗಲ್ಲ."

"ಹೇಳ್ತೀನಿ. ಕಾಲಿಗೆ ಬಿದ್ದು ಹೇಳ್ತೀನಿ."

ಶನಿವಾರ ಕಾಗದಗಳು ಒಣಗಿದವು. ಚೊಗರು ಒಂದೇ ಸಮನೆ ಒಣಗುವುದಿಲ್ಲ. ಅಲ್ಲಲ್ಲಿ ಇಳಿದು ಗೆರೆಗೆರೆಯಾಗಿ, ಕೆಲವು ಕಡೆ ಗಟ್ಟಿಯಾಗಿ, ಕೆಲವು ಕಡೆ ತೆಳುವಾಗಿ ನಿಂತಿತ್ತು. ಶಂಕರಪ್ಪನವರು ದೂರ ನಿಂತು ತಲೆ ಓರೆ ಮಾಡಿ ನೋಡಿ, "ಮೇಷ್ಟ್ರೇ, ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಹೀಗ್ ನೋಡಿದ್ರೆ ಮರ ಇದ್ದಂಗೇ ಇದೆ," ಎಂದರು.

ನಾನೂ ನೋಡಿದೆ. ಇತ್ತು! ಮರದ ಚಿತ್ರ ತೆಗೆದದ್ದಕ್ಕಿಂತ ಹೆಚ್ಚು ಮರದ ಹಾಗಿತ್ತು! ಬರಿಗೈಯಲ್ಲಿ ಹೋಗಿ ಹೇಳುವುದಕ್ಕಿಂತ ಏನಾದರೂ ಹಿಡಿದುಕೊಂಡು ಹೋಗಿ ಹೇಳುವುದು ವಾಸಿ ಎಂದು ಗಾಂಧಿ ಬಜಾರಿನಲ್ಲಿ ಫ್ರೇಮ್ ಹಾಕಿಸಿದೆ. ಕೇವಲ ಸಾಕ್ಷಿಗಾಗಿ. ಮೋಸ ಮಾಡುವ ಉದ್ದೇಶ ನನಗೆ ಖಂಡಿತ ಇರಲಿಲ್ಲ.

ಭಾನುವಾರ ಭದ್ರಾವತಿಯ ಹೊಸ ಮನೆಯಲ್ಲಿ ಹೋಮದ ಹೊಗೆ, ಜನ, ಗದ್ದಲ. ನಾನು ಪೊಟ್ಟಣ ಕಂಕುಳಲ್ಲಿಟ್ಟುಕೊಂಡು ಅತ್ತೆಯನ್ನು ಒಬ್ಬರನ್ನೇ ಹಿಡಿಯಲು ಮೂಲೆ ಮೂಲೆ ತಿರುಗಿದೆ. ಒಮ್ಮೆ ಸಿಕ್ಕರು. "ಅತ್ತೆ, ಒಂದು ವಿಷ್ಯ..." ಎನ್ನುವಷ್ಟರಲ್ಲಿ ಪುರೋಹಿತರು ಅವರನ್ನು ಕರೆದರು. ಇನ್ನೊಮ್ಮೆ ಹಿತ್ತಲಲ್ಲಿ ಸಿಕ್ಕರು. "ಅತ್ತೆ, ಆ ಫೋಟೋ..." ಎಂದೆ.

"ತಂದ್ರಾ?" ಎಂದು ಅವರ ಮುಖ ಅರಳಿತು. "ರಮೇಶಾ! ಎಲ್ರೂ ಬನ್ನಿ! ಅಳಿಯಂದ್ರು ಬಾಗ್ಲು ತಂದಿದಾರೆ!"

ಬಾಗಿಲು ತಂದಿದ್ದಾರೆ! ಭೂಮಿ ಬಾಯಿ ಬಿಡಬಾರದೇ ಎಂದುಕೊಂಡೆ. ಹೊಸ ಮನೆಯ ನೆಲ, ಗ್ರಾನೈಟು ಹಾಕಿದ್ದರು, ಬಿಡಲಿಲ್ಲ. ರಮೇಶ ಪೊಟ್ಟಣ ಕಿತ್ತುಕೊಂಡು ಬಿಚ್ಚಿ ಐದೂ ಫ್ರೇಮುಗಳನ್ನು ಹಾಲಿನ ಗೋಡೆಗೆ ಸಾಲಾಗಿ ಒರಗಿಸಿದ. ಊಟಕ್ಕೆ ಕಾದಿದ್ದವರೆಲ್ಲ ಸುತ್ತ ನೆರೆದರು.

"ಮರ ಅಂದ್ರೆ ಮರ!" ಎಂದರು ಒಬ್ಬರು.

"ಇದಲ್ವಾ ಕಲೆ ಅಂದ್ರೆ," ಎಂದರು ಇನ್ನೊಬ್ಬರು.

ಮಾವನವರ ಜೊತೆ ಕುಲುಮೆಯಲ್ಲಿ ದುಡಿದಿದ್ದ ಪಕ್ಕದ ಮನೆಯ ಪೆರುಮಾಳ್ ಹತ್ತಿರ ಬಗ್ಗಿ ಕನ್ನಡಕ ಏರಿಸಿ, ತಮ್ಮ ತಮಿಳು ಬೆರೆತ ಕನ್ನಡದಲ್ಲಿ, "ಅಡಡಾ! ಎನ್ನ ಕಲರ್ ಸಾರ್! ನಮ್ ಅಣ್ಣನ್ ಬಾಗ್ಲೇ ಇದು, ಡೌಟೇ ಬೇಡ," ಎಂದು ಕಣ್ಣೊರೆಸಿಕೊಂಡರು. ವನಜಾ ಎದುರು ಗೋಡೆಯ ಕಡೆ ತಿರುಗಿ ನಿಂತಿದ್ದಳು. ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಅತ್ತೆ ನೆಲದ ಮೇಲೆ ಕೂತರು. ಒಂದೊಂದೇ ಫ್ರೇಮನ್ನು ಮಡಿಲಿಗೆ ತೆಗೆದುಕೊಂಡು ನೋಡಿದರು. ಏನು ಹುಡುಕುತ್ತಿದ್ದಾರೆಂದು ನನಗೆ ಗೊತ್ತಿತ್ತು. ಇಲ್ಲದ್ದನ್ನು ಹುಡುಕುತ್ತಿದ್ದರು. ಮೊದಲನೆಯದು, ಎರಡನೆಯದು, ಮೂರನೆಯದು. ಹೇಳಿಬಿಡು, ಈಗಲೇ ಹೇಳಿಬಿಡು ಎಂದುಕೊಂಡೆ. ಬಾಯಿ ತೆರೆದೆ.

"ಅತ್ತೆ, ನಾನು..."

"ಇಲ್ಲಿದೆ!" ಎಂದರು ಅತ್ತೆ.

ಐದನೆಯ ಫ್ರೇಮಿನ ಗಾಜಿನ ಮೇಲೆ ಅವರ ಬೆರಳು ನಿಂತಿತ್ತು. ಅಲ್ಲಿ ನಿಜವಾಗಿಯೂ ಒಂದು ಗುಂಡನೆಯ ಗುರುತಿತ್ತು, ಸುತ್ತ ಗಾಢ, ನಡುವೆ ತಿಳಿ. "ನೋಡೇ ವನಜಾ, ನಿಮ್ಮಪ್ಪನ ಕ್ಯಾರಿಯರ್ ಗುರ್ತು. ಇಲ್ಲೇ ಕುಟ್ತಿದ್ರು. ಟಕ್ ಟಕ್ ಅಂತ." ಗಾಜಿನ ಮೇಲೆ ಎರಡು ಸಲ ಉಗುರಿನಿಂದ ತಟ್ಟಿದರು. ಆಮೇಲೆ ಸೆರಗಿಗೆ ಮುಖ ಮುಚ್ಚಿಕೊಂಡು ಅತ್ತರು. ರಮೇಶನೂ ಅತ್ತ.

ನಾನು ಬಗ್ಗಿ ನೋಡಿದೆ. ಹೈಪೋದಲ್ಲಿ ಕರಗುತ್ತಿದ್ದ ಚಿತ್ರವನ್ನು ಗಾಬರಿಯಿಂದ ಎತ್ತಿ ಹಿಡಿದಿದ್ದೆನಲ್ಲ, ಅದು ನನ್ನ ಹೆಬ್ಬೆರಳು. ರೇಖೆಗಳು ಕೂಡ ಸ್ಪಷ್ಟವಾಗಿದ್ದವು. ಈಗ ಇದನ್ನು ಯಾವ ಬಾಯಿಂದ ಹೇಳುವುದು? ನೀವಾದರೆ ಹೇಳುತ್ತಿದ್ದಿರಾ?

ಅತ್ತೆ ಕಣ್ಣೊರೆಸಿಕೊಂಡು, ಎರಡೂ ಕೈಯಿಂದ ನನ್ನ ಕೈ ಹಿಡಿದುಕೊಂಡರು. "ಹೇಳಿದ್ ಮಾತು ಉಳಿಸ್ಕೊಂಡ್ರಿ ಅಳಿಯಂದ್ರೇ. ನಂಗೆ ಇನ್ನೇನೂ ಬೇಡ. ರಮೇಶಾ, ಆ ಹಳೇ ಮಂಚಾನೂ ಕೊಟ್ಬಿಡೋಣ ಕಣೋ, ಇವ್ರು ಫೋಟೋ ತೆಗ್ದು ಕೊಡ್ತಾರೆ. ಹಂಗೇ ನಂದೂ ಒಂದು ಹತ್ರದಿಂದ ತೆಗ್ದಿಡಿ. ನಾಳೆ ನಾನ್ ಹೋದ್ಮೇಲೆ ಮಕ್ಕಳಿಗೆ ನೋಡೋಕೆ..."

"ಬೇಡಮ್ಮಾ!" ಎಂದು ವನಜಾ ಕಿರುಚಿದ ಸದ್ದಿಗೆ ಬಡಿಸಲು ಹೋಳಿಗೆ ತರುತ್ತಿದ್ದವನು ತಟ್ಟೆ ಕೆಳಗೆ ಬಿಟ್ಟ. "ಮಂಚ ನಾನ್ ತಗೊಂಡ್ಹೋಗ್ತೀನಿ! ಇವತ್ತೇ! ನೀನು ಇನ್ನೂ ತುಂಬಾ ವರ್ಷ ಇರು!"

ಮಂಚ ಅವತ್ತೇ ಲಗೇಜ್ ಆಟೋದಲ್ಲಿ ಹೊಸಮನೆಗೆ ಬಂತು. ಭದ್ರಾವತಿಯ ಮನೆಯಲ್ಲಿ ಮಾವನವರ ಫೋಟೋದ ಪಕ್ಕ ನನ್ನ ಹೆಬ್ಬೆರಳು ತೂಗುತ್ತಿದೆ. ಅತ್ತೆ ದಿನಾ ಬೆಳಿಗ್ಗೆ ಎರಡಕ್ಕೂ ಹೂ ಏರಿಸಿ, ಊದುಬತ್ತಿ ಬೆಳಗುತ್ತಾರೆ. ಬದುಕಿರುವಾಗಲೇ ಇಂಥ ಯೋಗ ಯಾವ ಅಳಿಯನಿಗೆ ಬಂದಿದೆ ಹೇಳಿ! ಈ ಸಲ ನಿಜ ಹೇಳಿಯೇ ಬರುತ್ತೇನೆಂದು ಪ್ರತಿ ಹಬ್ಬಕ್ಕೂ ಹೋಗುತ್ತೇನೆ. ಹೋಳಿಗೆ ತಿಂದು ಬರುತ್ತೇನೆ.